ಲಿಂಕ್ ಬಂತು, ನೋಡಿದ್ರೆ ತಪ್ಪಾ? ಪೈರಸಿ, ಕಾನೂನು ಮತ್ತೆ ನಮ್ಮ ಗಡಿನಾಡಿನ ನೆಪಗಳು

ಕಾಸರಗೋಡಲ್ಲಿ ಕೂತು ಕನ್ನಡ ಸಿನಿಮಾ ನೋಡ್ಬೇಕು ಅಂದ್ರೆ ಎಂತ ಕಥೆ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ. ಶುಕ್ರವಾರ ಬೆಂಗಳೂರು, ಮಂಗಳೂರಲ್ಲಿ ರಿಲೀಸಾದ್ದು ಇಲ್ಲಿನ ಥಿಯೇಟರಿಗೆ ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ದೊಡ್ಡ ಸ್ಟಾರಿನದ್ದಾದ್ರೆ ಒಂದೆರಡು ಶೋ ಸಿಗ್ಬಹುದು, ಉಳಿದದ್ದಕ್ಕೆ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಹೋಗ್ಬೇಕು. ಬಸ್ ಚಾರ್ಜು, ಮಾಲಿನ ಟಿಕೇಟು, ಮಕ್ಕಳಿಗೆ ಪಾಪ್‌ಕಾರ್ನು, ನಾಲ್ಕು ಜನ ಹೋಗಿ ಬಂದ್ರೆ ಒಂದು ದಿನದ ಸಂಬಳ ಖಾಲಿ. ಹೋಗುದಾ ಬೇಡ್ವಾ ಅಂತ ಲೆಕ್ಕ ಹಾಕ್ತಾ ಇರುವಾಗಲೇ ಫ್ಯಾಮಿಲಿ ಗ್ರೂಪಿಗೆ ಯಾರೋ ಟೆಲಿಗ್ರಾಂ ಲಿಂಕ್ ಹಾಕಿರ್ತಾರೆ, ಕೆಳಗೆ "ಕ್ಲಿಯರ್ ಪ್ರಿಂಟ್" ಅಂತ ಬೇರೆ.

ಇದು ತಪ್ಪಾ ಅಂತ ಕೇಳಿದ್ರೆ ಎರಡು ನಮೂನೆ ಉತ್ತರ ಬರ್ತದೆ. ಒಬ್ಬರು "ಮೂರು ವರ್ಷ ಜೈಲು ಮಾರಾಯ್ರೆ" ಅಂತ ಹೆದರಿಸ್ತಾರೆ, ಇನ್ನೊಬ್ರು "ಊರಿಡೀ ನೋಡ್ತದೆ, ನಮ್ಗೆ ಮಾತ್ರ ಎಂತ ಆಗುದು" ಅಂತಾರೆ. ಎರಡೂ ಅರ್ಧ ಸರಿ. ಥಿಯೇಟರಲ್ಲಿ ಕೂತು ಕ್ಯಾಮರಾದಲ್ಲಿ ಹಿಡಿಯುವವ, ಅದನ್ನ ಸೈಟಿಗೆ ಹಾಕಿ ದುಡ್ಡು ಮಾಡುವವ, ಗ್ರೂಪಿಗೆ ಫಾರ್ವರ್ಡ್ ಮಾಡುವ ಮಾವ, ಬಂದ ಲಿಂಕನ್ನ ಒತ್ತಿ ನೋಡುವ ಅತ್ತೆ, ಎಲ್ಲಿಯೂ ಸಿಗದ ಪುಸ್ತಕದ ಪಿಡಿಎಫ್ ಹುಡ್ಕುವ ಎಂಎ ಸ್ಟೂಡೆಂಟು, ಇವರೆಲ್ಲರನ್ನೂ ಒಂದೇ ಗೋಣಿಗೆ ತುಂಬ್ಸಿ ಮಾತಾಡುದ್ರಿಂದಲೇ ಮಂಡೆಬಿಸಿ ಆಗುದು. ಕಾನೂನು ಇವರನ್ನ ಒಂದೇ ತರ ನೋಡುದಿಲ್ಲ. ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೇನೆ, ಆಮೇಲೆ ಜಗಳ ಬೇಡ: "ಇಲ್ಲಿ ಸಿಗುದಿಲ್ಲ" ಅನ್ನುವ ನಮ್ಮ ಗಡಿನಾಡಿನ ಕಾರಣ ಕೆಲವು ಕಡೆ ನೂರಕ್ಕೆ ನೂರು ನಿಜ, ಆದ್ರೆ ನಾವು ಅದನ್ನ ಹೆಚ್ಚಾಗಿ ಉಪಯೋಗಿಸುದು ಅದು ನಿಜ ಅಲ್ಲದ ಕಡೆ.

ಮೊದಲು ಕಾನೂನು. ಇದಕ್ಕೆಲ್ಲ ಬುಡ 1957ರ ಕೃತಿಸ್ವಾಮ್ಯ ಕಾಯ್ದೆ, ಎಲ್ಲರೂ ಕಾಪಿರೈಟ್ ಆಕ್ಟ್ ಅಂತಲೇ ಹೇಳುದು. ಒಂದು ಕಥೆ, ಪದ್ಯ, ಸಿನಿಮಾ, ರೆಕಾರ್ಡಿಂಗ್, ಸಾಫ್ಟ್‌ವೇರ್ ಯಾರಾದ್ರೂ ಮಾಡಿದ್ರೆ ಅದರ ಪ್ರತಿ ತೆಗೆಯುದು, ಜನರಿಗೆ ತಲುಪಿಸುದು, ಅನುವಾದ ಮಾಡುದು, ಬಾಡಿಗೆಗೆ ಕೊಡುದು ಈ ತರದ ಹಕ್ಕುಗಳು ಅವರಿಗೆ ಅಥವಾ ಅವರಿಂದ ಹಕ್ಕು ತಗೊಂಡವರಿಗೆ ಮಾತ್ರ. ಇದಕ್ಕೆ ರಿಜಿಸ್ಟ್ರೇಷನ್ ಬೇಡ, ವೃತ್ತದ ಒಳಗೆ ಸಿ ಅಕ್ಷರ ಹಾಕ್ಲೇಬೇಕು ಅಂತಲೂ ಇಲ್ಲ, ಬರೆದ ಕೂಡ್ಲೇ ಹಕ್ಕು ಹುಟ್ಟಿತು. ನೆಟ್ಟಲ್ಲಿ ಫ್ರೀಯಾಗಿ ಸಿಕ್ತು ಅಂದ್ರೆ ಯಾರು ಬೇಕಾದ್ರೂ ಎಂತ ಬೇಕಾದ್ರೂ ಮಾಡ್ಬಹುದು ಅಂತ ತಿಳ್ಕೊಂಡವರು ನಮ್ಮಲ್ಲಿ ಓದಿದವರೂ ಇದ್ದಾರೆ. ಸಿಕ್ಕುದು ಬೇರೆ, ಹಕ್ಕು ಬೇರೆ.

ಈ ಹಕ್ಕು ಶಾಶ್ವತ ಅಲ್ಲ. ಸಾಹಿತ್ಯಕ್ಕೆ ಬರೆದವರು ತೀರಿಹೋದ ಮೇಲೆ 60 ವರ್ಷ, ಅದೂ ಮರುವರ್ಷದ ಜನವರಿಯಿಂದ ಲೆಕ್ಕ. ಸಿನಿಮಾಕ್ಕೆ, ಧ್ವನಿಮುದ್ರಣಕ್ಕೆ ಹೊರಗೆ ಬಂದ ಮೇಲೆ 60 ವರ್ಷ. ನಮ್ಮೂರಿನ ಲೆಕ್ಕವೇ ಹಾಕುವ. ಮಂಜೇಶ್ವರದ ಗೋವಿಂದ ಪೈಗಳು ತೀರಿಹೋದ್ದು 1963ರ ಸೆಪ್ಟೆಂಬರಲ್ಲಿ, ಅಂದ್ರೆ ಅವರು ಬದುಕಿದ್ದಾಗ ಪ್ರಕಟ ಆದ ಕೃತಿಗಳ ಹಕ್ಕು 2023ಕ್ಕೆ ಮುಗಿಯಿತು, 2024ರ ಜನವರಿ 1ರಿಂದ ಯಾರು ಬೇಕಾದ್ರೂ ಟೈಪ್ ಮಾಡಿ, ಪುಸ್ತಕ ಮಾಡಿ, ಓದಿ ರೆಕಾರ್ಡ್ ಮಾಡಿ ಹಾಕ್ಬಹುದು, ಯಾರನ್ನೂ ಕೇಳುದು ಬೇಡ. ನಮ್ಮ ಕಡೆ ಇದು ಎಷ್ಟು ಜನಕ್ಕೆ ಗೊತ್ತುಂಟೋ, ಇಷ್ಟೊತ್ತಿಗೆ ಶಾಲೆ ಮಕ್ಕಳಿಂದಲೇ ವಿಕಿಸೋರ್ಸ್ ಅನ್ನುವ ಫ್ರೀ ಆನ್‌ಲೈನ್ ಲೈಬ್ರರಿಗೆ ಹಾಕ್ಸ್ಬಹುದಿತ್ತು. ಆದ್ರೆ ಒಂದು ಎಚ್ಚರ, ತೀರಿಹೋದ ಮೇಲೆ ಮೊದಲ ಸಲ ಪ್ರಕಟ ಆದದ್ದಕ್ಕೆ ಲೆಕ್ಕ ಪ್ರಕಟ ಆದ ವರ್ಷದಿಂದ, ಮತ್ತೆ ಆಮೇಲಿನ ಸಂಪುಟಗಳಲ್ಲಿ ಸಂಪಾದಕರು ಬರೆದ ಪ್ರಸ್ತಾವನೆ, ಟಿಪ್ಪಣಿ ಅವರದ್ದೇ, ಅದನ್ನ ಮುಟ್ಲಿಕ್ಕಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ತೀರಿಹೋದ್ದು 2015ರಲ್ಲಿ, ಹಾಗಾಗಿ ಅವರ ಪದ್ಯಗಳ ಹಕ್ಕು 2075ರ ಕೊನೆವರೆಗೆ ಉಂಟು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳಿಗೆ ಯಾವ ಕಾಪಿರೈಟೂ ಇಲ್ಲ, ಅವನ ಕಾಲದಲ್ಲಿ ಈ ಕಾನೂನೇ ಇರ್ಲಿಲ್ಲ.

ಈಗ ಗೋಣಿ ಬಿಚ್ಚಿ ಒಬ್ಬೊಬ್ಬರನ್ನೇ ನೋಡುವ. ಥಿಯೇಟರಲ್ಲಿ ಕೂತು ರೆಕಾರ್ಡ್ ಮಾಡುವವನಿಗೆ 2023ರಿಂದ ಬೇರೆಯೇ ಮದ್ದು ಉಂಟು. ಸಿನಿಮಾಟೋಗ್ರಾಫ್ ಕಾಯ್ದೆಗೆ ಆ ವರ್ಷ ತಂದ ತಿದ್ದುಪಡಿ ಪ್ರಕಾರ ಕನಿಷ್ಠ 3 ತಿಂಗಳು, ಹೆಚ್ಚೆಂದ್ರೆ 3 ವರ್ಷ ಜೈಲು, ದಂಡ ಕನಿಷ್ಠ 3 ಲಕ್ಷ, ಗರಿಷ್ಠ ಆ ಸಿನಿಮಾದ ಆಡಿಟ್ ಆದ ನಿರ್ಮಾಣ ವೆಚ್ಚದ ಶೇಕಡಾ 5. ಹತ್ತು ಕೋಟಿಯ ಸಿನಿಮಾ ಅಂದ್ರೆ 50 ಲಕ್ಷದವರೆಗೆ ಹೋಗ್ಬಹುದು. ಪೂರ್ತಿ ಸಿನಿಮಾ ಹಿಡೀಬೇಕು ಅಂತ ಇಲ್ಲ, ಒಂದು ಭಾಗ ಹಿಡಿದ್ರೂ ಇದರೊಳಗೆ ಬರ್ತದೆ. ಹೀರೋ ಎಂಟ್ರಿಗೆ ಶಿಳ್ಳೆ ಹಾಕ್ತಾ ಸ್ಟೇಟಸ್ಸಿಗೆ ಅಂತ ಮೊಬೈಲ್ ಎತ್ತುವ ನಮ್ಮ ಹುಡುಗರು ಇದನ್ನ ಸ್ವಲ್ಪ ತಿಳ್ಕೊಂಡಿದ್ರೆ ಒಳ್ಳೇದು.

ಸೈಟ್ ನಡೆಸುವವರಿಗೆ, ಚಾನೆಲ್ ನಡೆಸುವವರಿಗೆ ಕಾಪಿರೈಟ್ ಆಕ್ಟಿನ 63ನೇ ಸೆಕ್ಷನ್. ಗೊತ್ತಿದ್ದೂ ಬೇರೆಯವರ ಹಕ್ಕು ಮುರಿದವರಿಗೆ, ಮುರೀಲಿಕ್ಕೆ ಸಹಾಯ ಮಾಡಿದವರಿಗೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂತಾದ್ರೆ ಜಡ್ಜ್ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡ್ಬಹುದು. ಇದು ಜಾಮೀನು ಸಿಗುವ ಕೇಸಾ ಅಲ್ವಾ ಅಂತ ಹೈಕೋರ್ಟುಗಳಲ್ಲಿ ಒಂದೊಂದು ಕಡೆ ಒಂದೊಂದು ತೀರ್ಪು ಇತ್ತು, 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದು ಸಂಜ್ಞೇಯ ಮತ್ತೆ ಜಾಮೀನುರಹಿತ ಅಂತ ಹೇಳಿತು. ಅಂದ್ರೆ ಪೊಲೀಸರು ವಾರಂಟ್ ಇಲ್ಲದೆ ಹಿಡೀಬಹುದು, ಜಾಮೀನು ಸ್ಟೇಷನ್ನಲ್ಲೇ ಕೇಳಿ ಪಡಿಲಿಕ್ಕೆ ಆಗುದಿಲ್ಲ, ಕೋರ್ಟಿಗೇ ಹೋಗ್ಬೇಕು. ಕೇರಳ ಪೊಲೀಸರಲ್ಲಿ ಪೈರಸಿಗೆ ಅಂತಲೇ ಒಂದು ಸೆಲ್ ಉಂಟು, ಅವರು ಈ ಕೇಸು ಹಿಡ್ಕೊಂಡು ತಮಿಳುನಾಡಿನವರೆಗೆ ಹೋಗಿ ಜನರನ್ನ ಹಿಡಿದು ತಂದದ್ದೂ ಉಂಟು, ಗಡಿ ದಾಟಿದ್ರೆ ಆಯ್ತು ಅಂತ ಇಲ್ಲ.

ಕಷ್ಟ ಇರುದು ನೋಡುವವರ ವಿಷಯದಲ್ಲಿ. 2016ರ ಆಗಸ್ಟಲ್ಲಿ ಬ್ಲಾಕಾದ ಸೈಟುಗಳನ್ನ ತೆಗೆದ್ರೆ ಸ್ಕ್ರೀನಲ್ಲಿ ಒಂದು ದೊಡ್ಡ ನೋಟಿಸು ಬರ್ತಿತ್ತು, ನೋಡುದು ಡೌನ್‌ಲೋಡ್ ಮಾಡುದು ಎಲ್ಲ ಅಪರಾಧ, 3 ವರ್ಷ ಜೈಲು 3 ಲಕ್ಷ ದಂಡ ಅಂತ. ದೇಶ ಇಡೀ ಹೆದರಿತು. ಅದೇ ಸಮಯಕ್ಕೆ ಬಾಂಬೆ ಹೈಕೋರ್ಟ್ ಒಂದು ಕೇಸಲ್ಲಿ ಈ ನೋಟಿಸಿನ ಭಾಷೆ ಸರಿ ಇಲ್ಲ ಅಂತ ಹೇಳಿತು, ಬರೀ ನೋಡುದು ಅಪರಾಧ ಅಲ್ಲ, ಅನುಮತಿ ಇಲ್ಲದೆ ಹಂಚುದು, ಸಾರ್ವಜನಿಕವಾಗಿ ತೋರಿಸುದು, ಮಾರುದು ಬಾಡಿಗೆಗೆ ಬಿಡುದು ಅಪರಾಧ ಅಂತ. "ಮೂರು ವರ್ಷ ಜೈಲು" ಕಥೆಗೆ ಆ ನೋಟಿಸು ದೊಡ್ಡ ಕಾರಣ ಇರ್ಬೇಕು ಅಂತ ನನಗೆ ಕಾಣ್ತದೆ.

ಹಾಗಾದ್ರೆ ಡೌನ್‌ಲೋಡ್? ಅಲ್ಲಿ ನಿಮ್ಮ ಫೋನಲ್ಲಿ ಒಂದು ಪ್ರತಿ ಹುಟ್ಟಿತಲ್ಲ, ಪ್ರತಿ ಮಾಡುವ ಹಕ್ಕು ನಿಮ್ಮದಲ್ಲ. ಕಾಯ್ದೆಯ 52ನೇ ಸೆಕ್ಷನ್ನಲ್ಲಿ ಖಾಸಗಿ ಉಪಯೋಗಕ್ಕೆ "ನ್ಯಾಯಯುತ ವ್ಯವಹಾರ" ಆಗಿದ್ರೆ ತಪ್ಪಲ್ಲ ಅಂತ ಉಂಟು, ಇದನ್ನ ಹಿಡ್ಕೊಂಡು ಮನೆಯಲ್ಲಿ ನೋಡ್ಲಿಕ್ಕೆ ಇಳಿಸಿದ್ರೆ ಎಂತ ಅಂತ ವಾದ ಮಾಡುವವರು ಇದ್ದಾರೆ. ಸೀಡಿ ದುಡ್ಡು ಕೊಟ್ಟು ತಗೊಂಡು ಅದರ ಪದ್ಯಗಳನ್ನ ನನ್ನ ಪೆನ್‌ಡ್ರೈವಿಗೆ ಹಾಕ್ಕೊಂಡೆ ಅಂದ್ರೆ ಈ ವಾದಕ್ಕೆ ಕಾಲು ಉಂಟು. ಥಿಯೇಟರಲ್ಲಿ ಓಡ್ತಾ ಇರುವ ಸಿನಿಮಾದ ಕಳ್ಳಪ್ರತಿ ಪೂರ್ತಿ ಇಳಿಸಿ ಇದು ನ್ಯಾಯಯುತ ಅಂದ್ರೆ ಯಾವ ವಕೀಲರೂ ನಗದೆ ಹೇಳ್ಲಿಕ್ಕಿಲ್ಲ.

ಟೊರೆಂಟಿನ ಕಥೆ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಹೆಚ್ಚಿನವರಿಗೆ ಅದು ಒಳಗೆ ಎಂತ ಮಾಡ್ತದೆ ಅಂತಲೇ ಗೊತ್ತಿಲ್ಲ. ಬಿಟ್‌ಟೊರೆಂಟ್ 2001ರಲ್ಲಿ ಬಂದದ್ದು, ಅದರ ಮಂಡೆ ಇರುದು ಎಲ್ಲಿ ಅಂದ್ರೆ ಫೈಲು ಒಂದೇ ಕಂಪ್ಯೂಟರಿಂದ ಬರುದಿಲ್ಲ, ಸಣ್ಣ ಸಣ್ಣ ತುಂಡಾಗಿ ಅದನ್ನ ಇಟ್ಕೊಂಡ ನೂರಾರು ಜನರಿಂದ ಬರ್ತದೆ, ಮತ್ತೆ ನಿಮಗೆ ಸಿಕ್ಕಿದ ತುಂಡನ್ನ ನಿಮ್ಮ ಕಂಪ್ಯೂಟರು ಆ ಕೂಡ್ಲೇ ಬೇರೆಯವರಿಗೆ ಕೊಡ್ಲಿಕ್ಕೆ ಶುರು ಮಾಡ್ತದೆ. ಶೇಕಡಾ ಇಪ್ಪತ್ತು ಇಳಿದಿರುವಾಗಲೇ ನೀವು ಹಂಚುವವರು. ಆ ಆಪಲ್ಲಿ ಮೇಲಿನ ಬಾಣ ಕೆಳಗಿನ ಬಾಣ ಅಂತ ಎರಡು ಸ್ಪೀಡು ತೋರಿಸ್ತದಲ್ಲ, ಮೇಲಿನ ಬಾಣದ್ದು ನೀವು ಊರಿಗೆ ಹಂಚಿದ ಲೆಕ್ಕ. ನಿಮ್ಮ ಐಪಿ ಅಡ್ರೆಸ್ಸು, ಅಂದ್ರೆ ನೆಟ್ಟಲ್ಲಿ ನಿಮ್ಮ ಕನೆಕ್ಷನ್ನಿನ ಗುರುತಿನ ನಂಬರು, ಅದೇ ಫೈಲು ಇಳಿಸುವ ಎಲ್ಲರಿಗೂ ಕಾಣ್ತದೆ, ಅದರಲ್ಲಿ ಸಿನಿಮಾದವರ ಕಡೆಯ ಏಜೆನ್ಸಿ ಕೂಡ ಕೂತಿರ್ಬಹುದು. ಹಾಗಾಗಿ "ನಾನು ಬರೀ ಡೌನ್‌ಲೋಡ್ ಮಾಡಿದ್ದು" ಅನ್ನುವ ಮಾತು ಟೊರೆಂಟ್ ಉಪಯೋಗಿಸುವವರು ಹೇಳ್ಲಿಕ್ಕೇ ಬರುದಿಲ್ಲ. ಟೊರೆಂಟ್ ಅನ್ನುವ ಟೆಕ್ನಾಲಜಿ ತಪ್ಪಲ್ಲ ಆಯ್ತಾ, ಲಿನಕ್ಸ್ ಅನ್ನುವ ಫ್ರೀ ಕಂಪ್ಯೂಟರ್ ಸಿಸ್ಟಮಿನವರು ತಮ್ಮ ಸಿಸ್ಟಮನ್ನ ಅದರಲ್ಲೇ ಹಂಚ್ತಾರೆ.

ಟೆಲಿಗ್ರಾಂ, ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿದ್ದೂ ಹಂಚಿದ ಹಾಗೆಯೇ. ಬೆಳಿಗ್ಗೆ ಹಾಲು ಬರುವ ಮೊದ್ಲು ನಾಲ್ಕು ಪತ್ರಿಕೆಯ ಪಿಡಿಎಫ್ ಗ್ರೂಪಿಗೆ ಹಾಕುವ ಪುಣ್ಯಾತ್ಮರು ಎಲ್ಲ ಊರಲ್ಲೂ ಇರ್ತಾರೆ, ಅವರು ಸಮಾಜಸೇವೆ ಅಂತಲೇ ತಿಳ್ಕೊಂಡದ್ದು. 2020ರಲ್ಲಿ ದೈನಿಕ್ ಜಾಗರಣ್ ಪತ್ರಿಕೆಯವರು ಇದೇ ವಿಷಯಕ್ಕೆ ಟೆಲಿಗ್ರಾಂ ಮೇಲೆ ದಿಲ್ಲಿ ಹೈಕೋರ್ಟಿಗೆ ಹೋದ್ರು, ಆ ಚಾನೆಲ್‌ಗಳನ್ನ ತೆಗೆಯಿರಿ, ನಡೆಸುವವರ ವಿವರ ಕೊಡಿ ಅಂತ ಆದೇಶ ಬಂತು. 2022ರಲ್ಲಿ ಕೋಚಿಂಗ್ ಟೀಚರ್ ಒಬ್ಬರ ನೋಟ್ಸು, ವೀಡಿಯೋ ಕದ್ದು ಹಂಚಿದ ಕೇಸಲ್ಲಿ ಅದೇ ಕೋರ್ಟು ಟೆಲಿಗ್ರಾಂ ಸರ್ವರು ಸಿಂಗಾಪುರದಲ್ಲಿ ಉಂಟು, ಅಲ್ಲಿಯ ಕಾನೂನು ಬಿಡುದಿಲ್ಲ ಅಂತ ಹೇಳಿದ್ದನ್ನ ಒಪ್ಪದೆ ಚಾನೆಲ್ ನಡೆಸುವವರ ಫೋನ್ ನಂಬರು ಸಮೇತ ವಿವರ ಕೊಡಿ ಅಂತ ಹೇಳಿತು. ಪಿಎಸ್‌ಸಿ ಪರೀಕ್ಷೆಗೆ ಓದುವವರು ಐವತ್ತು ರೂಪಾಯಿಗೆ ಇಡೀ ಕೋರ್ಸು ಕೊಡುವ ಚಾನೆಲ್ಲಿಗೆ ಸೇರುವ ಮೊದ್ಲು ಇದನ್ನ ನೆನಪಿಟ್ಕೊಳ್ಳಿ.

ಸೈಟು ಬ್ಲಾಕ್ ಮಾಡ್ತಾರಲ್ಲ, ಅದರಿಂದ ಎಂತಾದ್ರೂ ಆಗ್ತದಾ? ಒಂದು ಮುಚ್ಚಿದ್ರೆ ಕೊನೆಯ ಎರಡಕ್ಷರ ಬದಲಾಯಿಸಿ ಇನ್ನೊಂದು ಬರ್ತದೆ. ಇದಕ್ಕೆ ದಿಲ್ಲಿ ಹೈಕೋರ್ಟು 2019ರ ಏಪ್ರಿಲಲ್ಲಿ ಒಂದು ಉಪಾಯ ಮಾಡಿತು, ಪ್ರತಿ ಸಲ ಹೊಸ ಕೇಸು ಹಾಕುದು ಬೇಡ, ಅದೇ ಸೈಟಿನ ಹೊಸ ಹೆಸರುಗಳನ್ನ ಅದೇ ಆದೇಶಕ್ಕೆ ಸೇರಿಸ್ತಾ ಹೋಗ್ಬಹುದು ಅಂತ. ಕೆಲಸ ಬೇಗ ಆಗ್ತದೆ ನಿಜ. ಆದ್ರೆ ಬ್ಲಾಕಿಂಗ್ ಅಂದ್ರೆ ಎಷ್ಟು ಒರಟು ಆಯುಧ ಅಂತ 2017ರಲ್ಲಿ ನೋಡಿದ್ದೇವೆ. ಎರಡು ಹಿಂದಿ ಸಿನಿಮಾ ಉಳಿಸ್ಲಿಕ್ಕೆ ಮದ್ರಾಸ್ ಹೈಕೋರ್ಟಿಂದ ತಂದ ಆದೇಶದ ಪಟ್ಟಿಯಲ್ಲಿ 2,600ಕ್ಕಿಂತ ಹೆಚ್ಚು ವಿಳಾಸ ಇತ್ತು, ಅದರೊಳಗೆ ಇಂಟರ್ನೆಟ್ ಆರ್ಕೈವ್ ಕೂಡ ಸೇರಿತ್ತು. ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನು ರಾಶಿ ರಾಶಿ ಇರುವ ಜಾಗ ಅದು, ಕೆಲವು ದಿವಸ ಭಾರತದಲ್ಲಿ ತೆಗಿಲಿಕ್ಕೇ ಆಗ್ಲಿಲ್ಲ. ಪಟ್ಟಿ ಮಾಡಿದವರಿಗೆ ಕೇಳುವವರು ಯಾರು?

ಕಾನೂನು ಬರೀ ಬೆತ್ತ ಹಿಡ್ಕೊಂಡು ಕೂತದ್ದಲ್ಲ, ಬಿಟ್ಟುಕೊಟ್ಟದ್ದೂ ಬೇಕಾದಷ್ಟು ಉಂಟು, ನಮ್ಗೆ ಗೊತ್ತಿಲ್ಲ ಅಷ್ಟೆ. ವಿಮರ್ಶೆ ಬರೆಯುವಾಗ ನಾಲ್ಕು ಸಾಲು ಎತ್ತಿ ಹಾಕ್ಬಹುದು. ಮದುವೆ ಮನೆಯಲ್ಲಿ ಪದ್ಯ ಹಾಕಿದ್ದಕ್ಕೆ ಲೈಸನ್ಸ್ ಕೇಳ್ಲಿಕ್ಕಿಲ್ಲ ಅಂತ 2023ರ ಜುಲೈಯಲ್ಲಿ ಕೇಂದ್ರ ಸರ್ಕಾರವೇ ನೋಟಿಸು ಹೊರಡಿಸಿತು. ಕಣ್ಣು ಕಾಣದವರಿಗೆ ಓದ್ಲಿಕ್ಕೆ ಆಗುವ ಹಾಗೆ ಪುಸ್ತಕ ಮಾಡಿ ಕೊಡ್ಲಿಕ್ಕೆ ಅನುಮತಿ ಬೇಡ, 2012ರ ತಿದ್ದುಪಡಿಯಲ್ಲಿ ಬಂದದ್ದು. ಎಲ್ಲಕ್ಕಿಂತ ದೊಡ್ಡದು ಪಾಠದ್ದು. ದಿಲ್ಲಿ ಯೂನಿವರ್ಸಿಟಿಯ ಒಳಗಿನ ಒಂದು ಸಣ್ಣ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜಿನಂತ ಪ್ರಕಾಶಕರು 2012ರಲ್ಲಿ ಕೇಸು ಹಾಕಿದ್ರು, ಬೇರೆ ಬೇರೆ ಪುಸ್ತಕದ ಅಧ್ಯಾಯ ಸೇರಿಸಿ ಸ್ಟೂಡೆಂಟ್‌ಗಳಿಗೆ ಕೋರ್ಸ್ ಪ್ಯಾಕ್ ಮಾಡಿ ಕೊಡ್ತಾರೆ ಅಂತ. 2016ರಲ್ಲಿ ಹೈಕೋರ್ಟು ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡುದು ತಪ್ಪಲ್ಲ ಅಂತ ಪ್ರಕಾಶಕರನ್ನೇ ವಾಪಾಸು ಕಳಿಸಿತು. ನಮ್ಮ ಸರ್ಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿ ಓದುವವರಿಗೆ ಈ ತೀರ್ಪು ಚಿನ್ನ, ಯಾಕಂದ್ರೆ ಸಿಲೆಬಸ್ಸಲ್ಲಿ ಇರುವ ಪುಸ್ತಕ ಕಾಸರಗೋಡಿನ ಅಂಗಡಿಯಲ್ಲಿ ಸಿಕ್ಕುದು ಅಪರೂಪ. ಪಾಠಕ್ಕೆ ಬೇಕಾದ ಅಧ್ಯಾಯ ಮೇಷ್ಟ್ರು ಜೆರಾಕ್ಸ್ ಮಾಡಿಸಿ ಕೊಟ್ಟದ್ದು ಒಂದು, ಇಡೀ ಕಾದಂಬರಿ ಸ್ಕ್ಯಾನ್ ಮಾಡಿ ಸಾವಿರ ಜನದ ಚಾನೆಲ್ಲಿಗೆ ಹಾಕಿದ್ದು ಇನ್ನೊಂದು. ಕನ್ನಡ ಮೀಡಿಯಂ ಶಾಲೆಯ ಪಠ್ಯಪುಸ್ತಕಕ್ಕೆ ಅಂತೂ ಕಳ್ಳದಾರಿಯೇ ಬೇಡ, ಕೇರಳದ ಎಸ್‌ಸಿಇಆರ್‌ಟಿ ಪುಸ್ತಕದ ಪಿಡಿಎಫ್ ಸಮಗ್ರ ಪೋರ್ಟಲಲ್ಲಿ ಫ್ರೀ ಉಂಟು.

ಇನ್ನು ನ್ಯಾಯದ ಮಾತು. ಇಲ್ಲಿ ಮೊದಲು ಬರುವ ವಾದ, "ನಾನು ನೋಡಿದ್ರಿಂದ ಅವರಿಗೆ ಎಂತ ಕಡಿಮೆ ಆಯ್ತು?" ತೋಟಕ್ಕೆ ನುಗ್ಗಿ ಬಾಳೆಗೊನೆ ಕಡ್ಕೊಂಡು ಹೋದ್ರೆ ಗಿಡದಲ್ಲಿ ಗೊನೆ ಇಲ್ಲ, ಸಿನಿಮಾ ಕಾಪಿ ಮಾಡಿದ್ರೆ ನಿರ್ಮಾಪಕರ ಹತ್ರ ಸಿನಿಮಾ ಹಾಗೆಯೇ ಉಂಟಲ್ಲ. ಈ ಮಾತಲ್ಲಿ ಹುರುಳು ಇಲ್ಲ ಅಂತ ಇಲ್ಲ, ಅಮೆರಿಕದ ಸುಪ್ರೀಂ ಕೋರ್ಟೇ 1985ರ ಒಂದು ಕೇಸಲ್ಲಿ ಕಾಪಿರೈಟ್ ಮುರಿದದ್ದನ್ನ ಕದ್ದ ಮಾಲು ಸಾಗಿಸಿದ ಹಾಗೆ ನೋಡ್ಲಿಕ್ಕೆ ಆಗುದಿಲ್ಲ ಅಂತ ಹೇಳಿತ್ತು, ನಮ್ಮಲ್ಲೂ ಇದಕ್ಕೆ ಕಳ್ಳತನದ ಸೆಕ್ಷನ್ ಹಾಕುದಿಲ್ಲ, ಬೇರೆಯೇ ಕಾಯ್ದೆ. ಆದ್ರೆ ಕಡಿಮೆ ಆಗುದು ಸಿನಿಮಾ ಅಲ್ಲ, ಅದರ ಗಿರಾಕಿ. ಎಷ್ಟು ಕಡಿಮೆ ಆಗ್ತದೆ ಅಂತ ಯುರೋಪಿಯನ್ ಕಮಿಷನ್ ಒಂದು ಅಧ್ಯಯನ ಮಾಡ್ಸಿತ್ತು, 2015ಕ್ಕೇ ತಯಾರಾದ ವರದಿ ಹೊರಗೆ ಬಂದದ್ದು 2017ರಲ್ಲಿ, ಅದೂ ಒಬ್ಬರು ಸಂಸದೆ ಬೆನ್ನು ಬಿದ್ದ ಮೇಲೆ. ಸಂಗೀತ, ಪುಸ್ತಕ, ಗೇಮು ಇದರಲ್ಲೆಲ್ಲ ಪೈರಸಿಯಿಂದ ಮಾರಾಟ ಕಮ್ಮಿ ಆಗ್ತದೆ ಅಂತ ಗಟ್ಟಿ ಪುರಾವೆ ಅವರಿಗೆ ಸಿಗ್ಲಿಲ್ಲ. ಹೊಸ ದೊಡ್ಡ ಸಿನಿಮಾಗಳಲ್ಲಿ ಮಾತ್ರ ಸಿಕ್ಕಿತು, ಹತ್ತು ಸಲ ಕಳ್ಳಪ್ರತಿ ನೋಡಿದ್ರೆ ಸುಮಾರು ನಾಲ್ಕು ಸಲದ ಸರಿಯಾದ ನೋಟ ತಪ್ಪಿಹೋಗ್ತದೆ ಅಂತ. "ಪ್ರತಿ ಡೌನ್‌ಲೋಡೂ ಒಂದು ಟಿಕೇಟು ನಷ್ಟ" ಅನ್ನುವ ಇಂಡಸ್ಟ್ರಿಯ ಲೆಕ್ಕವೂ ಸುಳ್ಳು, "ಯಾರಿಗೂ ನಷ್ಟ ಇಲ್ಲ" ಅನ್ನುವ ನಮ್ಮ ಲೆಕ್ಕವೂ ಸುಳ್ಳು. ನಷ್ಟ ಹೆಚ್ಚು ಕಂಡದ್ದು ಯಾವುದರಲ್ಲಿ ನೋಡಿ, ನಾವು ಹೆಚ್ಚು ಕದಿಯುವ ಹೊಸ ಸಿನಿಮಾದಲ್ಲಿಯೇ.

"ಅವ್ರಿಗೆ ಕೋಟಿ ಕೋಟಿ ಉಂಟು, ನಾನೊಬ್ಬ ಕೊಡದಿದ್ರೆ ಎಂತ" ಅನ್ನುದಕ್ಕೆ ಹೀರೋವಿನ ಸಂಬಳ ಮೊದ್ಲೇ ಕೊಟ್ಟಾಗಿರ್ತದೆ ಅನ್ನುದೇ ಉತ್ತರ. ಸಣ್ಣ ಕನ್ನಡ ಸಿನಿಮಾಕ್ಕೆ ಮೊದಲ ಮೂರು ದಿವಸದ ಗಲ್ಲಾಪೆಟ್ಟಿಗೆಯೇ ಜೀವ, ಅಲ್ಲಿ ಬಿದ್ರೆ ಓಟಿಟಿಯವರು ಕೊಡುವ ರೇಟೂ ಬೀಳ್ತದೆ, ಕೈಸುಡುದು ಹೊಸ ನಿರ್ದೇಶಕರಿಗೆ, ಬಾಕಿ ಪೇಮೆಂಟಿಗೆ ಕಾಯುವ ಟೆಕ್ನಿಷಿಯನ್‌ಗಳಿಗೆ. ಪದ್ಯ ಬರೆದವರಿಗೆ ಸಂಗೀತ ಮಾಡಿದವರಿಗೆ ರಾಯಲ್ಟಿಯಲ್ಲಿ ಪಾಲು ಉಂಟು, ಅದನ್ನ ಬೇಡ ಅಂತ ಬರೆಸಿಕೊಳ್ಳಲಿಕ್ಕೂ ಇಲ್ಲ ಅಂತ 2012ರಲ್ಲಿ ಕಾನೂನೇ ಆಯ್ತು, ಆ ಪಾಲು ಬರುದು ಸರಿಯಾದ ದಾರಿಯಲ್ಲಿ ಕೇಳಿದ್ರೆ, ನೋಡಿದ್ರೆ ಮಾತ್ರ. ಮತ್ತೆ ಪೈರಸಿ ಸೈಟು ಧರ್ಮಛತ್ರ ಅಲ್ಲ ಮಾರಾಯ್ರೆ. ಒಂದು ಸಿನಿಮಾ ಒತ್ತಿದ್ರೆ ನಾಲ್ಕು ಬೆಟ್ಟಿಂಗ್ ಆಪಿನ ಜಾಹೀರಾತು ತೆರೆಯುದು ಯಾಕೆ? ದುಡ್ಡು ಅಲ್ಲಿಂದ. "ಪ್ಲೇಯರ್ ಇನ್‌ಸ್ಟಾಲ್ ಮಾಡಿ" ಅಂತ ಎಪಿಕೆ, ಅಂದ್ರೆ ಆಪಿನ ಫೈಲು, ಕೊಟ್ಟು ಎಸ್ಸೆಮ್ಮೆಸ್ ಓದ್ಲಿಕ್ಕೆ ಪರ್ಮಿಷನ್ ಕೇಳುದು ನಿಮ್ಮ ಓಟಿಪಿ ಕದೀಲಿಕ್ಕೆ.

ಆದ್ರೆ ಎಲ್ಲ ಕಡೆ ಈ ತೂಕ ಒಂದೇ ಅಲ್ಲ. ಸೈ-ಹಬ್ ನೋಡಿ, ಸಂಶೋಧನಾ ಲೇಖನಗಳನ್ನ ಫ್ರೀ ಕೊಡುವ ಸೈಟು. ಅಲ್ಲಿ ಲೇಖನ ಬರೆದವರಿಗೆ ಪ್ರಕಾಶಕರು ಬಿಡಿಗಾಸು ಕೊಡುದಿಲ್ಲ, ಪರಿಶೀಲನೆ ಮಾಡಿದವರಿಗೂ ಇಲ್ಲ, ಹೆಚ್ಚಿನ ಸಂಶೋಧನೆ ನಡಿಯುದೇ ಸರ್ಕಾರದ ದುಡ್ಡಲ್ಲಿ, ಆಮೇಲೆ ಓದ್ಲಿಕ್ಕೆ ಒಂದು ಲೇಖನಕ್ಕೆ ಮೂರ್ನಾಲ್ಕು ಸಾವಿರ ಕೇಳ್ತಾರೆ. ದೊಡ್ಡ ಪ್ರಕಾಶಕರು 2020ರ ಕೊನೆಗೆ ದಿಲ್ಲಿಯಲ್ಲಿ ಕೇಸು ಹಾಕಿ, 2025ರ ಆಗಸ್ಟಲ್ಲಿ ಅದನ್ನ ಬ್ಲಾಕ್ ಮಾಡ್ಲಿಕ್ಕೆ ಆದೇಶ ಬಂತು. ಕಾನೂನು ಪ್ರಕಾರ ಸರಿ ಇರ್ಬಹುದು, ನನಗೆ ಆ ಪ್ರಕಾಶಕರ ಮೇಲೆ ಕನಿಕರ ಹುಟ್ಟುದಿಲ್ಲ. ಇದರ ಒಟ್ಟಿಗೆ ಸರ್ಕಾರ 6,000 ಕೋಟಿ ಇಟ್ಟು 2025ರಿಂದ ಮೂರು ವರ್ಷಕ್ಕೆ "ಒಂದು ದೇಶ ಒಂದು ಚಂದಾ" ಯೋಜನೆ ಶುರು ಮಾಡಿತು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳವರು ಈ ಪತ್ರಿಕೆಗಳನ್ನ ಫ್ರೀ ಓದ್ಬಹುದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂತಲ್ಲಿ ಓದುವವರಿಗೆ ಬಾಗಿಲು ತೆರೆಯಿತು, ಖಾಸಗಿ ಕಾಲೇಜಿನವರು ಸದ್ಯ ಹೊರಗೆ.

ಈಗ ನಮ್ಮ "ಸಿಗುದಿಲ್ಲ"ಕ್ಕೆ ಬರುವ. ಓಟಿಟಿಯಲ್ಲಿ ಬಂದ ಸಿನಿಮಾಕ್ಕೆ ತಲಪಾಡಿ ಗಡಿ ಇಲ್ಲ, ಬೆಂಗಳೂರಲ್ಲಿ ಕಂಡದ್ದು ಮುಳ್ಳೇರಿಯದಲ್ಲೂ ಕಾಣ್ತದೆ. ಎಷ್ಟೋ ಹಳೇ ಕನ್ನಡ ಸಿನಿಮಾ ಹಕ್ಕಿನವರೇ ಯೂಟ್ಯೂಬಿಗೆ ಹಾಕಿದ್ದಾರೆ. ಹಾಗಿರುವಾಗ ನಿನ್ನೆ ರಿಲೀಸಾದ್ದನ್ನ ಇವತ್ತೇ ನೋಡ್ಬೇಕು ಅಂತ ಟೆಲಿಗ್ರಾಂ ಹುಡ್ಕುದಕ್ಕೆ ಗಡಿನಾಡಿನ ಹೆಸರು ಯಾಕೆ, ಅದು ಬರೀ ಗಡಿಬಿಡಿ. ಇನ್ನೊಂದು, ಇಲ್ಲಿ ಒಂದು ಶೋ ಹಾಕಿದಾಗ ಸೀಟು ಖಾಲಿ ಇದ್ರೆ ಮುಂದಿನ ಸಲ ವಿತರಕರು ಪ್ರಿಂಟ್ ಕೊಡುದಿಲ್ಲ, ಕೊಡದಿದ್ರೆ ನಾವು ಲಿಂಕ್ ಹುಡ್ಕುದು, ಲಿಂಕ್ ಸಿಕ್ಕಿದ್ರೆ ಮತ್ತೆ ಸೀಟು ಖಾಲಿ. ಇಲ್ಲಿ ಕನ್ನಡಕ್ಕೆ ಮಾರ್ಕೆಟ್ ಇಲ್ಲ ಅಂತ ನಾವೇ ಬರೆದು ಕೊಟ್ಟ ಹಾಗೆ.

ನಿಜವಾಗಿ ಸಿಗದೇ ಇರುದೂ ಉಂಟು. ಯಾವ ಓಟಿಟಿಗೂ ಬರದ ಸಣ್ಣ ಸಿನಿಮಾ, ಮೂವತ್ತು ವರ್ಷದ ಹಿಂದೆ ಒಂದೇ ಮುದ್ರಣ ಕಂಡು ನಿಂತ ಪುಸ್ತಕ, ಕ್ಯಾಸೆಟ್ ಕಂಪೆನಿ ಮುಚ್ಚಿ ಹಕ್ಕು ಯಾರ ಹತ್ರ ಉಂಟು ಅಂತಲೇ ಗೊತ್ತಿಲ್ಲದ ಯಕ್ಷಗಾನ ತಾಳಮದ್ದಳೆ. ಇಂತದಕ್ಕೆ ಕಾನೂನಲ್ಲಿ ದಾರಿ ಇಲ್ಲ ಅಂತ ಇಲ್ಲ, ಜನರಿಗೆ ಸಿಗದ ಹಾಗೆ ತಡೆದಿಟ್ಟ ಕೃತಿಗೆ 31ನೇ ಸೆಕ್ಷನ್, ಹಕ್ಕುದಾರರೇ ಸಿಗದ ಕೃತಿಗೆ 31ಎ ಸೆಕ್ಷನ್ನಿನಲ್ಲಿ ಕಡ್ಡಾಯ ಲೈಸನ್ಸು ಕೇಳ್ಬಹುದು. ಆದ್ರೆ ಒಂದು ಹಳೇ ಕ್ಯಾಸೆಟ್ಟಿಗೆ ಯಾರು ವಕೀಲರನ್ನ ಇಟ್ಟು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅರ್ಜಿ ಹಾಕ್ತಾರೆ? ಇಲ್ಲಿ ಕಾನೂನು ಕಾಗದದಲ್ಲಿ ಮಾತ್ರ. ಅಂತ ಕ್ಯಾಸೆಟ್ಟನ್ನ ಒಬ್ಬರು ಡಿಜಿಟಲ್ ಮಾಡಿ ಇಟ್ಕೊಂಡದ್ದನ್ನ ನಾನು ತಪ್ಪು ಅನ್ನುದಿಲ್ಲ, ಅವರು ಮಾಡದಿದ್ರೆ ಬೂಸ್ಟು ಹಿಡಿದು ಆ ಧ್ವನಿಯೇ ಹೋಗ್ತದೆ. ಕಾನೂನು ಒಪ್ತದಾ ಅಂದ್ರೆ, ಮನೆಯಲ್ಲಿ ಇಟ್ಕೊಂಡ್ರೆ ಒಪ್ಪೀತು, ಊರಿಗೆ ಹಾಕಿದ್ರೆ ಒಪ್ಪುದಿಲ್ಲ.

ಯಕ್ಷಗಾನದ ವಿಷಯ ಬಂದದ್ದಕ್ಕೆ ಹೇಳ್ತೇನೆ, ನಮ್ಮಲ್ಲಿ ಪೈರಸಿ ದಿನಾ ನಡಿಯುದು ಸಿನಿಮಾಕ್ಕಿಂತ ಹೆಚ್ಚು ಇಲ್ಲಿ, ಮತ್ತೆ ಅದನ್ನ ಯಾರೂ ಪೈರಸಿ ಅಂತ ಲೆಕ್ಕಕ್ಕೇ ತಗೊಳ್ಳುದಿಲ್ಲ. ಹರಕೆ ಆಟದಲ್ಲಿ ರಾತ್ರಿ ಎರಡು ಗಂಟೆಗೆ ರಂಗಸ್ಥಳದ ಎದುರು ನೋಡಿ, ಮುಂದಿನ ಸಾಲಲ್ಲಿ ಮೂರು ಟ್ರೈಪಾಡು, ಹಿಂದೆ ಕೂತ ಅಜ್ಜನಿಗೆ ವೇಷ ಕಾಣುದಿಲ್ಲ, ಮೊಬೈಲಿನ ಬೆಳಕು ಕಾಣ್ತದೆ. ಬೆಳಗಾಗುವಾಗ ಭಾಗವತರ ಒಂದು ಪದ್ಯ ಮೂರು ಚಾನೆಲ್ಲಲ್ಲಿ, ಮೇಲೆ ಅವರವರ ಲೋಗೋ, ನಡುವೆ ಜಾಹೀರಾತು. ಚಾನೆಲ್ ನಡೆಸುವವರಿಗೆ ಸಿಗುದ್ರಲ್ಲಿ ಭಾಗವತರಿಗೆ ಚೆಂಡೆಯವರಿಗೆ ಎಂತ? ಅಬ್ಬಬ್ಬಾ ಅಂದ್ರೆ ಕೆಳಗೆ ಹೆಸರು. ಇನ್ನು ಆ ಚಾನೆಲ್ಲಿಂದಲೂ ಕದ್ದು ಮೂವತ್ತು ಸೆಕೆಂಡಿನ ತುಂಡು ಮಾಡಿ ಹಾಕುವವರು ಬೇರೆ, ಅಲ್ಲಿ ಹೆಸರೂ ಇಲ್ಲ.

ಕಾನೂನು ಇಲ್ಲಿ ಸ್ಪಷ್ಟ ಉಂಟು. ಪ್ರಸಂಗ ಪಾರ್ತಿಸುಬ್ಬನದ್ದಾದ್ರೆ ಪದ್ಯಕ್ಕೆ ಹಕ್ಕಿಲ್ಲ, ಹೊಸ ಪ್ರಸಂಗ ಆದ್ರೆ ಪ್ರಸಂಗಕರ್ತರ ಹಕ್ಕು ಉಂಟು. ಪ್ರಸಂಗ ಎಷ್ಟೇ ಹಳತಾದ್ರೂ ಇವತ್ತು ರಾತ್ರಿ ಹಾಡಿದ ಭಾಗವತರಿಗೆ, ಕುಣಿದ ವೇಷಧಾರಿಗೆ, ಅರ್ಥ ಹೇಳಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆಯೇ ಉಂಟು, 50 ವರ್ಷದ್ದು. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಜನರಿಗೆ ಹಂಚ್ಲಿಕ್ಕಿಲ್ಲ. ನಿಮ್ಮ ಸ್ವಂತಕ್ಕೆ, ಅಥವಾ ಕಲಿಲಿಕ್ಕೆ ಕಲಿಸ್ಲಿಕ್ಕೆ ರೆಕಾರ್ಡ್ ಮಾಡಿದ್ರೆ ತೊಂದ್ರೆ ಇಲ್ಲ ಅಂತ 39ನೇ ಸೆಕ್ಷನ್ನೇ ಹೇಳ್ತದೆ, ಹಾಗಾಗಿ ಚೆಂಡೆ ಕಲಿಯುವ ಹುಡುಗ ಪೀಠಿಕೆಯ ಪೆಟ್ಟು ಮನೆಗೆ ಹಿಡ್ಕೊಂಡು ಹೋದ್ರೆ ಯಾರೂ ಕೇಳ್ಲಿಕ್ಕಿಲ್ಲ. ಯಕ್ಷಗಾನಕ್ಕೆ ಎಂತ ಕಾಪಿರೈಟು ಅಂತ ನಗುವವರಿಗೆ: ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕಿನ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಪಾದ್ದು. ಅವರ ಉಯಿಲಿನಿಂದ ಬಂದ ಹಕ್ಕನ್ನ ಕೋರ್ಟು ಒಪ್ಪಿತು, ಜೊತೆಗೆ ಕಾಯ್ದೆಯ ವಿನಾಯಿತಿಗಳು ಅನ್ವಯ ಆಗ್ತವೆ ಅಂತಲೂ ಹೇಳಿತು. ಆ ವಿನಾಯಿತಿಯಲ್ಲಿ ಒಂದು ನಮ್ಮ ಊರಿನ ಸಂಘಗಳಿಗೆ ಬೇಕಾದ್ದು, ಹವ್ಯಾಸಿ ತಂಡದವರು ಟಿಕೇಟು ಇಲ್ಲದೆ ಅಥವಾ ದೇವಸ್ಥಾನದ ಸಹಾಯಾರ್ಥ ನಾಟಕ, ಆಟ ಆಡಿದ್ರೆ ಕೃತಿಯವರ ಅನುಮತಿ ಬೇಡ. ಆಡ್ಲಿಕ್ಕೆ ಬೇಡ, ಅದರ ವೀಡಿಯೋ ಚಾನೆಲ್ಲಿಗೆ ಹಾಕ್ಲಿಕ್ಕೆ ಬೇಕು.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಎಳೆಯುದಿಲ್ಲ. ಬ್ರಹ್ಮಕಲಶದ ಆಮಂತ್ರಣ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಕ್ರ್ಯಾಕ್ ಮಾಡಿದ ಫೋಟೋಶಾಪ್, ಪೇಜ್‌ಮೇಕರ್ ಇರುದು ಗುಟ್ಟಲ್ಲ, ಆದ್ರೆ ಕಳ್ಳಪ್ರತಿ ಅಂತ ಗೊತ್ತಿದ್ದೂ ಉಪಯೋಗಿಸುದಕ್ಕೇ 63ಬಿ ಸೆಕ್ಷನ್ ಉಂಟು, ಸಿನಿಮಾದ ಹಾಗೆ "ಬರೀ ನೋಡಿದ್ದು" ಅನ್ನುವ ಸಂದು ಇಲ್ಲ. 7 ದಿವಸದಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ, ವ್ಯಾಪಾರಕ್ಕೆ ಅಲ್ಲದಿದ್ರೆ ದಂಡದಲ್ಲಿ ಮುಗಿಯಬಹುದು. ಅಂಗಡಿ ಅಂದ್ರೆ ವ್ಯಾಪಾರವೇ ಅಲ್ವಾ. ಅದೇ ಅಂಗಡಿಯವರ ಮಕ್ಕಳು ಶಾಲೆಯಲ್ಲಿ ಲಿನಕ್ಸ್, ಗಿಂಪ್, ಇಂಕ್‌ಸ್ಕೇಪ್ ಕಲಿತು ಬರ್ತಾರೆ, ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷದಿಂದ ಸ್ವತಂತ್ರ ತಂತ್ರಾಂಶದಲ್ಲೇ ನಡಿಯುದು. ಯುನಿಕೋಡ್ ಕನ್ನಡ ಫಾಂಟುಗಳು ಫ್ರೀ ಸಿಗ್ತವೆ. ಹಳೇ ಫೈಲು ಬದಲಾಯಿಸುವ ಉಪದ್ರ ಬಿಟ್ರೆ ಬೇರೆ ಕಾರಣ ನನಗೆ ಕಾಣುದಿಲ್ಲ, ಆ ಉಪದ್ರ ಸಣ್ಣದಲ್ಲ ಅಂತಲೂ ಒಪ್ತೇನೆ.

ಕೊನೆಗೆ, ನಿಮ್ಮದೇ ಎಂತಾದ್ರೂ ಕದ್ದುಹೋದ್ರೆ. ನೀವು ಹಾಡಿದ ಪದ್ಯ, ನೀವು ಎಡಿಟ್ ಮಾಡಿದ ವೀಡಿಯೋ, ನೀವು ಬರೆದ ನೋಟ್ಸು ಬೇರೆಯವರ ಚಾನೆಲಲ್ಲಿ ಕಂಡ್ರೆ ಮೊದಲು ಸ್ಕ್ರೀನ್‌ಶಾಟ್, ಲಿಂಕು, ತಾರೀಕು ತೆಗೆದಿಟ್ಕೊಳ್ಳಿ. ಆಮೇಲೆ ಪ್ಲಾಟ್‌ಫಾರ್ಮಿಗೆ ಲಿಖಿತ ದೂರು ಕೊಡಿ, ಯೂಟ್ಯೂಬಲ್ಲಿ ಅದಕ್ಕೆ ಫಾರ್ಮೇ ಉಂಟು. 2013ರ ಕಾಪಿರೈಟ್ ನಿಯಮ ಪ್ರಕಾರ ದೂರು ಸರಿ ಅಂತ ಕಂಡ್ರೆ 36 ಗಂಟೆಯೊಳಗೆ ಅದನ್ನ ಜನರಿಗೆ ಸಿಗದ ಹಾಗೆ ಮಾಡ್ಬೇಕು, 21 ದಿವಸದೊಳಗೆ ನೀವು ಕೋರ್ಟಿನ ಆದೇಶ ತರದಿದ್ರೆ ಅವರು ವಾಪಾಸು ಹಾಕ್ಬಹುದು. ಹಾಗಾಗಿ ತೆಗೆದ್ರಲ್ಲ ಅಂತ ಸುಮ್ನೆ ಕೂರ್ಬೇಡಿ, ಆ ಮೂರು ವಾರದಲ್ಲೇ ಕಾಸರಗೋಡು ಕೋರ್ಟಿನ ಯಾರಾದ್ರೂ ವಕೀಲರ ಹತ್ರ ಮಾತಾಡಿ, ಮೂಲ ಫೈಲನ್ನ ಮೊಬೈಲಿಂದ ಡಿಲೀಟ್ ಮಾಡದೆ ಇಟ್ಕೊಳ್ಳಿ, ಅವರು ಮೊದಲು ಕೇಳುದು ಅದನ್ನೇ.